ಬೇರೆ ಕಾರಣ

ಲೋಹಿತಾಳ ಸಹವಾಸವೆಲ್ಲ ಕಾಣದ ದೇಶದ ರೋಗಿಗಳ ಜೊತೆ. ಶಿರಾದ ಗಂಡನ ಮನೆಯ ಮಹಡಿ ಕೋಣೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು, ಅಮೆರಿಕದ ಆಸ್ಪತ್ರೆಗಳಲ್ಲಿ ಡಾಕ್ಟರು ಬರೆದದ್ದನ್ನು ಓದಿ, ವಿಮೆಯ ಬಿಲ್ಲಿಗಾಗಿ ಒಂದೊಂದು ಕಾಯಿಲೆಗೂ ಅದರ ಕೋಡ್ ಹಾಕುವುದು ಅವಳ ಉದ್ಯೋಗ. ಅವಳ ಪಾಲಿಗೆ ಬರುತ್ತಿದ್ದುದು ಹೊಟ್ಟೆ, ಕರುಳಿನ ಫೈಲುಗಳು. ಅದರಲ್ಲೂ ಅಲ್ಸರೇಟಿವ್ ಕೊಲೈಟಿಸ್ ಬಂದರೆ ಅವಳಿಗೆ ಏನನ್ನೂ ಹುಡುಕಿ ನೋಡಬೇಕಿರಲಿಲ್ಲ. ದೊಡ್ಡ ಕರುಳಿನ ಒಳಗೆ ಹುಣ್ಣಾಗಿ ರಕ್ತ ಹೋಗುವ, ವಾಸಿಯಾಯಿತು ಅನ್ನುವಷ್ಟರಲ್ಲಿ ಮತ್ತೆ ಕೆರಳುವ ಆ ಕಾಯಿಲೆ ಅವಳದೇ ಆಗಿತ್ತು.

ಮದುವೆಗೆ ಮುಂಚೆ ಅವಳ ಅಪ್ಪ ಅಡವಯ್ಯ, "ಗಂಡಿನ ಕಡೆಯೋರ್ಗೆ ಇದನ್ನ ಹೇಳ್ಬ್ಯಾಡ ಕಣವ್ವ" ಎಂದಿದ್ದರು. ಆದರೂ ಅವಳು ಕೊರಟಗೆರೆ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಗೌರೀಶನನ್ನು ಕೂರಿಸಿಕೊಂಡು, ಒಂದೂ ಮುಚ್ಚಿಡದೆ ಹೇಳಿದ್ದಳು. ಅವನು ಕಾಫಿ ಆರುವವರೆಗೂ ಕೇಳಿಸಿಕೊಂಡು, "ನಂಗೆ ಗೊತ್ತಾಯ್ತಲ್ಲ, ಸಾಕು. ಅಮ್ಮಂಗೆ ಬ್ಯಾಡ. ಸುಮ್ನೆ ಹೆದರ್ಕೊಂತಾಳೆ" ಎಂದಿದ್ದ. ಅವತ್ತು ಅವಳಿಗೆ ಅವನ ಮೇಲೆ ಹುಟ್ಟಿದ ಪ್ರೀತಿ ಅಷ್ಟಿಷ್ಟಲ್ಲ.

ಮದುವೆಯಾದ ಮೇಲೆ ಮಾತ್ರೆ ತಪ್ಪಿಸಲಿಲ್ಲ, ಕಾಯಿಲೆಯೂ ತಲೆಯೆತ್ತಲಿಲ್ಲ. ಬಸುರಿಯಾದಾಗ ತುಮಕೂರಿನ ಕರುಳಿನ ಡಾಕ್ಟರು, "ಮಾತ್ರೆ ಮಾತ್ರ ನಿಲ್ಲಿಸಬೇಡಿ, ಮಗುವಿಗೆ ಏನೂ ಆಗಲ್ಲ" ಎಂದು ಒತ್ತಿ ಹೇಳಿ ಕಳಿಸಿದ್ದರು.

ಅತ್ತೆ ಸರೋಜಮ್ಮ ಒಳ್ಳೆಯವರು. ಸೊಸೆ ಬಸುರಿ ಎಂದು ತಿಳಿದಾಗಿನಿಂದ ಅವಳಿಗೆ ನೀರಿನ ಬಿಂದಿಗೆ ಎತ್ತಲೂ ಬಿಡುತ್ತಿರಲಿಲ್ಲ. ಬೀರು ಒರೆಸುವಾಗ ಸೀರೆಗಳ ಹಿಂದೆ ಮಾತ್ರೆಯ ಡಬ್ಬಿಗಳು ಸಿಕ್ಕಿದ್ದೂ ಅವರಿಗೇ.

"ಇದೇನಮ್ಮ ಇಷ್ಟೊಂದು? ಬಸುರಿ ಹೆಂಗ್ಸು ಇಂಗೆಲ್ಲ ನುಂಗಿದ್ರೆ ಮಗೀಗೆ ಕಾವು ಹತ್ತಲ್ವಾ?"

"ಅದು... ಹೊಟ್ಟೆ ಉರಿಗೆ ಅತ್ತೆ."

"ಹೊಟ್ಟೆ ಉರಿಗೆ ಮಜ್ಜಿಗೆ ಕುಡಿ, ತಣ್ಣಗಾಯ್ತದೆ. ಇವೆಲ್ಲ ಬ್ಯಾಡ ಬುಡು" ಎಂದು ಅವರು ಡಬ್ಬಿಗಳನ್ನು ಸೆರಗಿಗೆ ಹಾಕಿಕೊಂಡು ಹೋಗಿ ಹಿತ್ತಲಿನ ಕಸಕ್ಕೆ ಸುರಿದರು.

ಗೌರೀಶ ಆಗ ಪಾವಗಡದ ಕಡೆ ಕಡಲೆಕಾಯಿ ಖರೀದಿಗೆ ಹೋಗಿದ್ದ. ಫೋನಿನಲ್ಲಿ ವಿಷಯ ಕೇಳಿ, "ನೀನೇನೂ ಹೇಳ್ಬ್ಯಾಡ, ನಾನೇ ಬಂದು ಅಮ್ಮಂಗೆ ತಿಳಿಸ್ತೀನಿ" ಎಂದ. ಬಂದ, ಹೇಳಲಿಲ್ಲ. ಇವತ್ತು ಅಮ್ಮನಿಗೆ ತಲೆನೋವು, ನಾಳೆ ನೆಂಟರು, ನಾಡಿದ್ದು ಸೋಮವಾರ, ಪೂಜೆಯ ದಿನ ಬೇಡ. ಹೊಸದಾಗಿ ಮಾತ್ರೆ ತರಿಸಿದರೆ ಮತ್ತೆ ಪ್ರಶ್ನೆ ಏಳುತ್ತದೆ. ಮೈಯೂ ಹಗುರವಾಗಿಯೇ ಇತ್ತು. ಇಷ್ಟು ದಿನ ಬಾರದ್ದು ಇನ್ನು ಆರು ತಿಂಗಳು ಬಾರದೇ ಇರಬಹುದು ಎಂದು ಲೋಹಿತಾ ತನಗೆ ತಾನೇ ಹೇಳಿಕೊಂಡಳು. ಔಷಧಿ ಬಿಟ್ಟವರ ಗತಿ ಏನಾಯಿತೆಂದು ದಿನಾ ಓದುವವಳು ಅವಳು. ಆದರೂ ಹಾಗೆ ಹೇಳಿಕೊಂಡಳು.

ಮಲದಲ್ಲಿ ರಕ್ತ ಕಾಣಿಸಿಕೊಂಡಾಗ ಐದನೇ ತಿಂಗಳು ನಡೆಯುತ್ತಿತ್ತು. ಮೊದಲು ಚೂರೇ ಚೂರು, ಆಮೇಲೆ ಬಚ್ಚಲಿನಿಂದ ಎದ್ದು ಬರಲಾಗದಷ್ಟು. ಜ್ವರ ಏರಿತು. ತುಮಕೂರಿನ ಆಸ್ಪತ್ರೆ ಮುಟ್ಟಿಸುವ ಹೊತ್ತಿಗೆ ಹೊಟ್ಟೆ ಕಲ್ಲಿನಂತಾಗಿತ್ತು. ಮರುದಿನ ಬೆಳಿಗ್ಗೆ ಮಗು ಹೋಯಿತು. ಹೆಣ್ಣು. ನರ್ಸು ಬಿಳಿ ಬಟ್ಟೆಯಲ್ಲಿ ಸುತ್ತಿ ತಂದು, "ನೋಡ್ತೀರಾ?" ಎಂದು ಕೇಳಿದಳು. ಲೋಹಿತಾ ನೋಡಿದಳು. ಹುಬ್ಬುಗಳು ಆಗಲೇ ಮೂಡಿದ್ದವು.

ಮಧ್ಯಾಹ್ನ ಡಾಕ್ಟರಮ್ಮ ಬಂದು ಕೇಸ್ ಶೀಟ್ ತೆರೆದರು. ಮಂಚದ ಒಂದು ಕಡೆ ಗೌರೀಶ, ಇನ್ನೊಂದು ಕಡೆ ಸರೋಜಮ್ಮ.

"ಕರುಳಿನ ಮಾತ್ರೆ ಯಾವಾಗಿಂದ ನಿಂತಿದೆ?"

"ಎರಡು ತಿಂಗಳಾಯ್ತು."

"ಯಾರು ನಿಲ್ಲಿಸೋಕೆ ಹೇಳಿದ್ದು?"

ಲೋಹಿತಾ ಗಂಡನ ಮುಖ ನೋಡಿದಳು. ಅವನು ಡ್ರಿಪ್ಪಿನ ಬಾಟಲಿ ನೋಡುತ್ತಿದ್ದ. ಅವಳು ಕಾದಳು. ಡಾಕ್ಟರಮ್ಮನ ಪೆನ್ನೂ ಕಾದಿತ್ತು.

"ಯಾರೂ ಇಲ್ಲ ಮೇಡಂ. ನಾನೇ ಬಿಟ್ಟೆ" ಎಂದಳು.

ಪೆನ್ನು ಓಡಿತು. ಡಾಕ್ಟರು ಬರೆದದ್ದಕ್ಕೆ ಮಾತ್ರ ಕೋಡ್ ಹಾಕಬೇಕು, ಬರೆಯದೆ ಬಿಟ್ಟದ್ದನ್ನು ಊಹಿಸಬಾರದು. ಅದು ಅವಳ ಉದ್ಯೋಗದ ಮೊದಲ ಪಾಠ. ಈ ಸಾಲಿಗೆ ಯಾವ ಕೋಡ್ ಎಂದು ಅವಳಿಗೆ ಗೊತ್ತಿತ್ತು: ರೋಗಿ ಬೇಕೆಂದೇ ಔಷಧಿ ತೆಗೆದುಕೊಂಡಿಲ್ಲ, ಹಣದ ತೊಂದರೆಯಲ್ಲ, ಬೇರೆ ಕಾರಣ. ಎಷ್ಟು ಜನ ಹೆಂಗಸರಿಗೆ ತಾನೇ ಅದನ್ನು ಹಾಕಿ ಮುಂದಿನ ಫೈಲು ತೆರೆದಿದ್ದಳೋ.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಸರೋಜಮ್ಮ ಒಲೆಯ ಮುಂದೆ ಕೂತು ಅತ್ತರು. "ಅದ್ಯಾವ್ದೋ ಕರುಳಿನ ಮಾತ್ರೆ ಅಂತೆ, ಕೈಯಾರೆ ಬಿಟ್ಬುಟ್ಲಲ್ಲೋ! ಓದ್ದೋಳು, ಆಸ್ಪತ್ರೆ ಕೆಲ್ಸ ಮಾಡೋಳು! ನಮ್ಮ ಮಗೀನ ಕೈಯಾರೆ ಕಳ್ಕೊಂಡ್ಲಲ್ಲೋ!" ತಾನು ಕಸಕ್ಕೆ ಸುರಿದದ್ದು ಅದೇ ಮಾತ್ರೆ ಎಂದು ಅವರಿಗೆ ಹೊಳೆದೇ ಇರಲಿಲ್ಲ. ಗೌರೀಶ ಪಕ್ಕದಲ್ಲೇ ನಿಂತಿದ್ದ. ಲೋಹಿತಾಳ ಎದೆಯಲ್ಲಿ ಹಾಲು ಕಟ್ಟಿಕೊಂಡು ನೋಯುತ್ತಿತ್ತು. ಅವಳು ಬ್ಯಾಗು ತುಂಬಿಕೊಂಡು ಕೊರಟಗೆರೆಯ ತವರಿಗೆ ಹೊರಟಳು. ಅವನು ಬಸ್ಸಿನವರೆಗೂ ಬ್ಯಾಗು ಹೊತ್ತು ತಂದ.

ರಜೆ ಮುಗಿದ ಮೇಲೆ ಅಪ್ಪನ ಮನೆಯಲ್ಲೇ ಲ್ಯಾಪ್‌ಟಾಪ್ ತೆರೆದಳು. ಒಂದು ದಿನ ಅದೇ ಕಾಯಿಲೆಯ ಬಸುರಿಯೊಬ್ಬಳ ಫೈಲು ಬಂತು. ಮಾತ್ರೆ ತಪ್ಪಿಸಿಲ್ಲ, ಹೆರಿಗೆ ಸರಾಗ, ಒಂದು ಜೀವಂತ ಶಿಶು. ಕೋಡ್ ಹಾಕಿದಳು. ಸರಿಯಿದೆಯೇ ಎಂದು ಮತ್ತೊಮ್ಮೆ ನೋಡಿದಳು. ಸರಿಯಾಗಿತ್ತು. ಆಮೇಲೆ ಬಾಗಿಲು ಹಾಕಿಕೊಂಡು, ದಿಂಬು ಕಚ್ಚಿಕೊಂಡು, ಉಸಿರು ಸಿಕ್ಕಿಕೊಳ್ಳುವಷ್ಟು ಅತ್ತಳು.

ಕಾರ್ತಿಕದಲ್ಲಿ ಸರೋಜಮ್ಮ ಬಂದರು. ಒಳಗೆ ಕರೆದರೂ ಬಾರದೆ ಜಗಲಿಯ ಮೇಲೇ ಕೂತರು. ಆಳು ಅರ್ಧ ಇಳಿದುಹೋಗಿದ್ದರು.

"ಗೌರೀಶ ನೆನ್ನೆ ಎಲ್ಲಾ ಹೇಳ್ದ ಕಣಮ್ಮ. ಬಿಸಾಕಿದ್ದು ನಾನು. ಡಾಕ್ಟ್ರ ಮುಂದೆ ಯಾಕೆ ನನ್ನ ಹೆಸ್ರು ಹೇಳ್ಲಿಲ್ಲ ನೀನು?"

"ಹೇಳಿದ್ರೆ ಮಗು ಬತ್ತಿತ್ತಾ ಅತ್ತೆ?"

ಸರೋಜಮ್ಮ ಅವಳ ಎರಡೂ ಕೈ ಹಿಡಿದು ಹಣೆಗೆ ಒತ್ತಿಕೊಂಡರು. ಹಣೆಯ ವಿಭೂತಿ ಅವಳ ಬೆರಳಿಗೆ ಹತ್ತಿತು. ಇಬ್ಬರೂ ಬಹಳ ಹೊತ್ತು ಅತ್ತರು.

"ಮನೀಗೆ ಬಾ ತಾಯಿ. ಅವ್ನೂ ಬಂದವ್ನೆ. ಬೀದಿ ಕೊನೇಲಿ ನಿಂತವ್ನೆ, ಮುಖ ತೋರ್ಸಾಕೆ ಆಗ್ದೆ."

"ನಿಮ್ ಮ್ಯಾಲೆ ನಂಗೆ ಕೋಪ ಇಲ್ಲ ಅತ್ತೆ. ನಿಮ್ಗೆ ಗೊತ್ತಿರ್ಲಿಲ್ಲ." ಲೋಹಿತಾ ಬೀದಿಯ ಕೊನೆಯತ್ತ ನೋಡಿದಳು. "ಅವ್ರಿಗೆ ಗೊತ್ತಿತ್ತು."

ಸರೋಜಮ್ಮ ಮತ್ತೆ ಕರೆಯಲಿಲ್ಲ. ಲೋಹಿತಾ ಅವರಿಗೆ ಅನ್ನ ಬಡಿಸಿ, ತಲೆ ಬಾಚಿ ಹೂವು ಮುಡಿಸಿ, ಗೇಟಿನವರೆಗೂ ಬಂದಳು. ಬೀದಿಯ ಕೊನೆಯಲ್ಲಿ ಗೌರೀಶ ಅಮ್ಮನ ಕೈಚೀಲ ತೆಗೆದುಕೊಂಡು ಇತ್ತ ನೋಡಿದ. ಅವಳೂ ನೋಡಿದಳು. ಗೇಟು ದಾಟಲಿಲ್ಲ.