ಬಾಗಿಲು ತಟ್ಟಿದ ಉಚ್ಚಂಗಮ್ಮ

"ಯಾವುದಾದ್ರೂ ಇಂಜೆಕ್ಷನ್ ಆಗಿಬರಲ್ವಾ ಯಜಮಾನ್ರೆ?" ಎಂದು ಚಿತ್ರದುರ್ಗದ ಆಸ್ಪತ್ರೆಯಲ್ಲಿ ಸಿಸ್ಟರ್ ಕೇಳಿದಾಗ ಗುಡ್ಡಪ್ಪ, "ಅಂಥದ್ದೇನಿಲ್ರಿ" ಎಂದುಬಿಟ್ಟ. ಪಕ್ಕದಲ್ಲಿದ್ದ ಹೆಂಡತಿ ಉಚ್ಚಂಗಮ್ಮ ಬಾಯಿ ತೆರೆಯುವಷ್ಟರಲ್ಲಿ ಕಣ್ಣಲ್ಲೇ ಗದರಿದ. ಅಪೆಂಡಿಕ್ಸ್ ನೋವಿಗೆ ನಿನ್ನೆಯಿಂದ ಮುದುರಿಕೊಂಡಿದ್ದ ಕುರಿಗಾಹಿ ಅವನು. ಏನಾದರೂ ತಕರಾರು ಹೇಳಿದರೆ ದಾವಣಗೆರೆಗೆ ಸಾಗಹಾಕುತ್ತಾರೆಂಬ ಭಯ.

ಸ್ಟ್ರೆಚರ್ ಒಳಗೆ ಹೋಯಿತು, ಬಾಗಿಲು ಮುಚ್ಚಿತು. ಉಚ್ಚಂಗಮ್ಮನಿಗೆ ಕೂತಲ್ಲಿ ಕೂರಲಾಗಲಿಲ್ಲ. ಆರು ವರ್ಷದ ಹಿಂದೆ ಭರಮಸಾಗರದಲ್ಲಿ ಕಾಲಿನ ಗಾಯಕ್ಕೆಂದು ಚುಚ್ಚಿದ ಇಂಜೆಕ್ಷನ್, ನೋಡನೋಡುತ್ತ ಊದಿದ ತುಟಿ, ಉಸಿರಿಗಾಗಿ ಒದ್ದಾಡಿದ ಗಂಡ, ಎಲ್ಲ ಕಣ್ಣ ಮುಂದೆ ಬಂತು. ಬೈದರೆ ಬೈಯಲಿ ಎಂದು ಎದ್ದವಳೇ ಬಾಗಿಲನ್ನು ದಬದಬ ತಟ್ಟಿದಳು.

ಸಿಸ್ಟರ್ ಇಣುಕಿದಳು. "ಇಲ್ಲಿಗೆ ಬರಬಾರ್ದಮ್ಮ."

"ಸೂಜಿ ಹಾಕಿದ್ರೇನವ್ವ?"

"ಗಾಯ ಕೀವಾಗದಂಗೆ ಕೊಯ್ಯೋಕೆ ಮುಂಚೆ ಒಂದು ಆ್ಯಂಟಿಬಯಾಟಿಕ್ ಕೊಡ್ತೀವಿ. ಈಗ ಹಾಕ್ಬೇಕು."

"ಬ್ಯಾಡ, ತಡೀರಿ! ಅವ್ರಿಗೆ ಒಂದು ಸೂಜಿ ಆಗಿಬರಲ್ಲ. ಸಾಯಂಗಾಗಿದ್ರು."

"ಯಾವ್ದು?"

ಹೆಸರು ಗೊತ್ತಿರಲಿಲ್ಲ. ಭರಮಸಾಗರದ ಡಾಕ್ಟರು ಬರೆದುಕೊಟ್ಟ ಚೀಟಿ ತುರುವನೂರಿನ ಮನೆಯ ಟ್ರಂಕಿನಲ್ಲಿತ್ತು. ಮನೆಯಲ್ಲಿದ್ದ ಮಗಳು ನಾಗಶ್ರೀಗೆ ಫೋನ್ ಹಚ್ಚಿದಳು. ಅತ್ತ ಬಟ್ಟೆಬರೆ ಎಳೆದು ಹಾಕುವ ಸದ್ದು. "ಸಿಗ್ತಿಲ್ಲವ್ವ... ಇರು... ಸಿಕ್ತು! ಪೆನಿಸಿಲಿನ್ ಅಂತ ಐತೆ."

ಸಿಸ್ಟರ್ ಒಳಗೆ ಓಡಿದಳು. ಆಮೇಲೆ ಒಂದೂವರೆ ಗಂಟೆ ಉಚ್ಚಂಗಮ್ಮ ಬಾಗಿಲಿನಿಂದ ಕಣ್ಣು ಕೀಳಲಿಲ್ಲ.

ಕೊನೆಗೆ ಡಾಕ್ಟರ್ ಸುಚಿತ್ರಾ ಹೊರಬಂದರು. "ಒಳ್ಳೆ ಹೊತ್ತಿಗೆ ಹೇಳಿದ್ರಿ. ನಾವು ಹಾಕ್ಬೇಕಂತಿದ್ದ ಸೂಜಿ ಪೆನಿಸಿಲಿನ್ ಜಾತಿದೇ. ಬೇರೆ ಔಷಧ ಕೊಟ್ಟು ಆಪರೇಷನ್ ಮಾಡಿದ್ವಿ. ಅಪೆಂಡಿಕ್ಸ್ ಒಡೆದಿರಲಿಲ್ಲ. ಇನ್ನು ಆ್ಯಂಟಿಬಯಾಟಿಕ್ ಬೇಡ."

ಉಚ್ಚಂಗಮ್ಮನಿಗೆ ಹೊಸ ದಿಗಿಲು ಹತ್ತಿತು. "ಮಾತ್ರೆನೂ ಇಲ್ವಾ ಡಾಕ್ಟ್ರೆ? ಕೀವು ಕಟ್ಟಿದ್ರೆ?"

"ಒಡೆದಿದ್ರೆ ಕೆಲವು ದಿನ ಕೊಡಬೇಕಾಗ್ತಿತ್ತು. ಸುಮ್ಮನೆ ಕೊಟ್ರೆ ಭೇದಿ ಹಿಡೀಬಹುದು, ನಿಜವಾಗಿ ಬೇಕಾದಾಗ ಔಷಧ ನಾಟದೇ ಹೋಗಬಹುದು. ಜ್ವರ ಬಂದ್ರೆ, ಗಾಯ ಕೆಂಪಾದ್ರೆ ತಕ್ಷಣ ಹೇಳ್ರಿ."

ಹೇಳಿದ್ದು ಅರ್ಥವಾಯಿತು, ಜೀವ ಮಾತ್ರ ಒಪ್ಪಲಿಲ್ಲ. ಎರಡು ದಿನ ಗಂಡನ ಹಣೆಯನ್ನು ಮುಟ್ಟಿ ಮುಟ್ಟಿ ನೋಡಿದಳು. ಸಿಟ್ಟಿಗೆದ್ದು ಅವನು ಕೈ ತಳ್ಳಿದರೂ ಬಿಡಲಿಲ್ಲ. ಜ್ವರ ಬರಲಿಲ್ಲ. ಮೂರನೇ ದಿನ ಬೆಳಿಗ್ಗೆ ಸಿಸ್ಟರ್ ಪಟ್ಟಿ ಬಿಚ್ಚಿದಾಗ ಗಾಯ ಒಣಗಿಕೊಂಡು ಚೊಕ್ಕವಾಗಿತ್ತು; ಇವತ್ತೇ ಮನೆಗೆ ಹೋಗಬಹುದು ಎಂದಳು.

ಅವಳು ಆಚೆ ಹೋದ ಮೇಲೆ ಗುಡ್ಡಪ್ಪ ಗೋಡೆ ನೋಡುತ್ತ ಗೊಣಗಿದ: "ನೀನು ಹೇಳದಿದ್ರೆ ನಾನು ಅಲ್ಲೇ..."

"ಸಾಕು ಬಿಡ್ರಿ. ಮೆಲ್ಲಕೆ ಏಳ್ರಿ, ಊರಿಗೆ ಹೋಗಾಣ," ಎಂದ ಉಚ್ಚಂಗಮ್ಮನಿಗೆ ಅಷ್ಟು ಹೊತ್ತೂ ಬಾರದ ಅಳು ಆಗ ಬಂತು.