ಪರಮೇಶನ ಜೀಪಿನಲ್ಲಿ ಗರಗಸಕ್ಕೆ ಜಾಗ ಎಲ್ಲಿ?

ಮಳೆಗಾಲದಲ್ಲಿ ಗಿಡ ಬೀಳುತ್ತವೆ, ದಾರಿ ಬಂದ್ ಆಗುತ್ತದೆ. ಇದೇನು ಹೊಸ ಸಂಗತಿ ಅಲ್ಲ. ಆದರೆ ಬಿದ್ದ ಗಿಡದ ಆಚೆ ಕಡೆ ನಿಮ್ಮ ಕೂಸಿಗೆ ಹೆಸರಿಡುತ್ತಿದ್ದರೆ, ನೀವು ಈಚೆ ಕಡೆ ನಿಂತಿದ್ದರೆ, ಅದು ಹೇಗಿರುತ್ತದೆ ಅಂತ ಪರಮೇಶನನ್ನು ಕೇಳಬೇಕು.

ಪರಮೇಶ ರಾಜ್ಯದ ಗಡಿ ಆಚೆ, ದೊಡ್ಡ ಶಹರದ ಅಂಚಿನ ಮಣಿಕೊಂಡದಲ್ಲಿ ಇರುತ್ತಾನೆ. ಸ್ವಂತದ್ದು ಒಂದು ಹಳೇ ಜೀಪು. ವಾರವೆಲ್ಲ ಕಟ್ಟಡದ ಕೆಲಸಕ್ಕೆ ಸಾಮಾನು ಹೊರುತ್ತಾನೆ. ಶನಿವಾರ, ಭಾನುವಾರ ಕಂಪನಿ ಹುಡುಗರನ್ನು ವಿಕಾರಾಬಾದ್ ಕಡೆಯ ಕಲ್ಲುದಾರಿ, ಕೆಸರುದಾರಿಗೆ ಕರೆದುಕೊಂಡು ಹೋಗಿ ಕುಣಿಸಿಕೊಂಡು ಬರುತ್ತಾನೆ. ಅವರಿಗೆ ಅದು ಮೋಜು, ಇವನಿಗೆ ಹೊಟ್ಟೆಪಾಡು. ಹೆಂಡತಿ ಶೈಲಾ ಬಾಣಂತನಕ್ಕೆ ತವರಿಗೆ ಹೋಗಿದ್ದಳು. ತಾಂಡೂರು ದಾಟಿ ಚಿಂಚೋಳಿ ಕಡೆ ಒಂದು ಹಳ್ಳಿ. ಆ ಹಳ್ಳಿಗೆ ಜೀಪು ಹೋಗುವ ದಾರಿ ಒಂದೇ, ಕೆರೆ ಏರಿಯ ಮೇಲಿನ ಕಚ್ಚಾ ದಾರಿ. ತೊಟ್ಟಿಲ ಕಾರ್ಯದ ದಿನ ಬೇವಿನ ಗಿಡವೊಂದು ಆ ದಾರಿಗೆ ಅಡ್ಡ ಬಿತ್ತು. ಜೊತೆಗೆ ಕರೆಂಟಿನ ತಂತಿಯನ್ನೂ ಎಳೆದುಕೊಂಡು ನೀರಿಗೆ ಕೆಡವಿತು. ಊರವರು ಯಾರನ್ನೂ ಹತ್ತಿರ ಬಿಡಲಿಲ್ಲ. ಮಗಳಿಗೆ ಸಿಂಚನಾ ಅಂತ ಹೆಸರಿಟ್ಟದ್ದನ್ನು ಪರಮೇಶ ಜೀಪಿನಲ್ಲಿ ಕೂತು ಫೋನಿನಲ್ಲಿ ಕೇಳಿಸಿಕೊಂಡ. ಆಮೇಲೆ ಗಾಡಿ ತಿರುಗಿಸಿಕೊಂಡು ಬಂದ.

ಅಂದಿನಿಂದ ಅವನಿಗೆ ಕೆಲಸದಿಂದ ಬಿಡುವು ಸಿಗಲಿಲ್ಲ, ಸಿಕ್ಕಾಗ ಮಳೆ ಬಿಡಲಿಲ್ಲ. ಸಂಜೆಯಾದರೆ ಶೈಲಾ ಫೋನನ್ನು ಕೂಸಿನ ಮುಖದ ಹತ್ತಿರ ಹಿಡಿಯುತ್ತಿದ್ದಳು.

"ಈಗ ನಿಮ್ಮ ದನಿ ಕೇಳಿದ್ರ ಫೋನ್ ಕಡೆ ತಿರುಗಿ ನಗ್ತಾಳ ನೋಡ್ರಿ," ಅಂದಳು ಒಂದು ದಿನ. "ಅಪ್ಪ ಅಂದ್ರ ಈ ಡಬ್ಬಿ ಅಂತ ತಿಳ್ಕೊಂಡಾಳ."

ಪರಮೇಶನೂ ನಕ್ಕ. ಫೋನಿಟ್ಟ ಮೇಲೆ ಅವನಿಗೆ ಊಟ ಸೇರಲಿಲ್ಲ. ಕೂಸಿನ ಉಸಿರು ಫೋನಿನಲ್ಲಿ ಕೇಳುತ್ತದೆ. ಎಣ್ಣೆ ಹಚ್ಚಿ ಎರೆದು ಲೋಬಾನ ಹಾಕಿದ ಕೂಸಿನ ತಲೆ ಹೇಗೆ ಘಮ ಅನ್ನುತ್ತದೆ, ಅದು ಫೋನಿನಲ್ಲಿ ಬರುವುದಿಲ್ಲ. ಮುಂದಿನ ವಾರ ಹೋಗಿ ಇಬ್ಬರನ್ನೂ ಕರೆತರಬೇಕು ಅಂತ ನಿಶ್ಚಯ ಮಾಡಿದ. ಈ ಸಲ ಯಾವ ಗಿಡ ಅಡ್ಡ ಬಿದ್ದರೂ ಕೊಯ್ದು ಹೋಗಬೇಕು. ಅದಕ್ಕೆ ಜೀಪಿನಲ್ಲಿ ಒಂದು ಚೈನ್ ಗರಗಸ ಇರಬೇಕು.

ಅವನ ಜೊತೆಗೆ ಜೀಪ್ ಓಡಿಸುವ ದೀಪಕನ ಹತ್ತಿರ ಒಂದಿತ್ತು. ಪೆಟ್ರೋಲಿನದು. ಚೈನು ಓಡುವ ಪಟ್ಟಿಯೇ ಒಂದು ಮೊಳಕ್ಕಿಂತ ಉದ್ದ.

"ಸಣ್ಣದು ಯಾವದಾರ ಸಾಲಂಗಿಲ್ಲೇನೋ?" ಅಂತ ಪರಮೇಶ ಕೇಳಿದ.

"ಸಣ್ಣದು ತಗೊಂಡು ಕರಿಬೇವು ಹರಿತೀಯೇನ್ಲೇ?" ಅಂದ ದೀಪಕ. "ಇದನ್ನ ಒಂದ್ ನಾಕ್ ದಿನ ಇಟ್ಕೊಂಡು ನೋಡು. ಆಮ್ಯಾಲ ಇಂಥದ್ದ ಕೊಳ್ಳು."

ಪರಮೇಶ ಅದನ್ನು ತಂದು ಜೀಪಿನ ಹಿಂದಿನ ಸೀಟಿನ ಕೆಳಗೆ ತುರುಕಿದ. ಪಕ್ಕದ ಮನೆಯ ಗದಿಗೆಮ್ಮ ಬಾಗಿಲಲ್ಲಿ ಕೂತು ನೋಡುತ್ತಿದ್ದಳು. ಯಾದಗಿರಿ ಕಡೆಯ ಹೆಂಗಸು. ಗಾಳಿಗೆ ರಸ್ತೆ ಮೇಲೆ ಬಿದ್ದ ಗಿಡ ತೆಗೆಯುವ ಗ್ಯಾಂಗಿನಲ್ಲಿ ಅವಳ ಕೆಲಸ. ಹಗ್ಗ ಹಿಡಿಯುತ್ತಾಳೆ, ಕೊಂಬೆ ಎಳೆಯುತ್ತಾಳೆ, ಅರ ಹಿಡಿದು ಚೈನಿನ ಹಲ್ಲು ಮಸೆಯುತ್ತಾಳೆ.

"ಅದರ ಒರಿ ಎಲ್ಲಿ ತಮ್ಮಾ?" ಅಂದಳು.

"ಎಂಥಾ ಒರಿ ಅಕ್ಕಾ?"

"ಪಟ್ಟಿಗೆ ಹಾಕೋ ಕವರ್. ಹಲ್ಲು ಮುಚ್ಚಾಕ."

"ಬಂದ್ ಐತಲ್ಲ ಮಷೀನು. ಬಂದ್ ಇರೋ ಫ್ಯಾನು ಕೈ ಕತ್ತರಸ್ತೈತೇನು?"

"ಫ್ಯಾನಿಗೆ ಹಲ್ಲಿಲ್ಲಪ್ಪ," ಅಂದಳು ಗದಿಗೆಮ್ಮ. ಪರಮೇಶ ಕೇಳಿಸಿಕೊಳ್ಳಲಿಲ್ಲ. ಅವನ ತಲೆಯಲ್ಲಿ ಆಗಲೇ ಅಡ್ಡ ಬಿದ್ದ ಗಿಡಗಳೆಲ್ಲ ತುಂಡು ತುಂಡಾಗಿ ಉರುಳುತ್ತಿದ್ದವು.

ಆ ಸಂಜೆ ಸುಲ್ತಾನ್ ಬಜಾರಿಗೆ ಹೋಗಿ ಮಗಳಿಗೆ ಒಂದು ಕುಲಾವಿ, ಎರಡು ಅಂಗಿ ಆರಿಸಿದ. ಕುಲಾವಿ ಹಳದಿ ಬಣ್ಣದ್ದು. ಎಷ್ಟು ದೊಡ್ಡದು ಬೇಕು ಅಂತ ಅಂಗಡಿಯವನು ಕೇಳಿದಾಗ ಪರಮೇಶನಿಗೆ ಹೇಳಲು ಬರಲಿಲ್ಲ. ಮಗಳ ತಲೆ ಎಷ್ಟು ದೊಡ್ಡದು ಅಂತ ಅವನು ಕೈಯಲ್ಲಿ ಹಿಡಿದು ನೋಡಿದ್ದರೆ ತಾನೇ. ಅಂದಾಜಿನ ಮೇಲೆ ತಗೊಂಡ. ಚೀಲವನ್ನು ಜೀಪಿನ ಹಿಂದೆ ಇಟ್ಟ. ಮರುದಿನ ಬೆಳಗಾದರೆ ಟ್ರಿಪ್ಪು, ಚೀಲ ಅಲ್ಲೇ ಉಳಿಯಿತು.

ಎರಡು ದಿನ ಕಲ್ಲಿನ ಮೇಲೆ ಜೀಪು ಎದ್ದು ಬಿದ್ದು ಓಡಾಡಿತು. ಭಾನುವಾರ ಸಂಜೆ ಮನೆಗೆ ಬಂದು ನೋಡಿದರೆ, ಗರಗಸ ಸೀಟಿನ ಕೆಳಗಿಂದ ಜಾರಿ ಬಂದು ಚೀಲದ ಮೇಲೆ ಮಲಗಿತ್ತು. ಟ್ಯಾಂಕಿನ ಮುಚ್ಚಳ ಸಡಿಲಾಗಿ ಪೆಟ್ರೋಲು ಸೋರಿತ್ತು. ಅಂಗಿಗಳು ನೆಂದು ನಾರುತ್ತಿದ್ದವು. ಕುಲಾವಿ ನೆತ್ತಿಯ ಮೇಲಿಂದ ಕಿವಿಯತನಕ ಹರಿದಿತ್ತು. ಮಷೀನು ಚಾಲೂನೇ ಆಗಿರಲಿಲ್ಲ. ಬರೀ ಕುಲುಕಾಟಕ್ಕೆ ಇಷ್ಟು.

ಪರಮೇಶ ಮೊದಲು ದೀಪಕನನ್ನು ಬೈದ. ಆಮೇಲೆ ಜೀಪಿನ ಚಕ್ರಕ್ಕೆ ಒದ್ದ. ಆಮೇಲೆ ಕುಲಾವಿ ಕೈಯಲ್ಲಿ ಹಿಡಿದು ಕೂತ. ಅದರೊಳಗೆ ಒಂದು ತಲೆ ಇದ್ದಿದ್ದರೆ ಅಂತ ಯೋಚನೆ ಬಂತು. ಆ ಯೋಚನೆಯನ್ನು ಪೂರ್ತಿ ಮಾಡಲು ಅವನಿಗೆ ಧೈರ್ಯ ಬರಲಿಲ್ಲ.

ಶೈಲಾಗೆ ಫೋನ್ ಮಾಡಿ ಇದ್ದದ್ದು ಇದ್ದಂತೆ ಹೇಳಿದ. ಅವಳು ಕೂಗಾಡಲಿಲ್ಲ. "ಆ ಮಷೀನ್ ಇರೋ ಜೀಪಿನ್ಯಾಗ ಕೂಸಿನ್ನ ಎತ್ಕೊಂಡು ನಾ ಕೂಡಂಗಿಲ್ಲ," ಅಂದಳು. "ಬರಾಕ ನನಗೂ ಜೀವ ಹಂಬಲಸ್ತೈತಿ. ಆದ್ರೂ ಕೂಡಂಗಿಲ್ಲ."

ಶೈಲಾ ಅಂದದ್ದನ್ನು ಹೇಳಿ, ಹರಿದ ಕುಲಾವಿಯನ್ನು ಅವನು ಗದಿಗೆಮ್ಮನ ಮುಂದೆ ಇಟ್ಟ. ಅವಳು ಮೂಸಿ ನೋಡಿ ಕೆಳಗಿಟ್ಟಳು. ನಾ ಹೇಳಿರಲಿಲ್ಲೇನು ಅಂತ ಅನ್ನಲಿಲ್ಲ.

"ಹಂಗಾರ ಮಷೀನ್ ಬಿಟ್ಟು ಹೋಗು."

"ಬಿಟ್ಟು ಹೋದಾಗ ಮತ್ತ ಗಿಡ ಬಿದ್ರ? ಮತ್ತ ತಿರುಗಿ ಬರ್ಲೇನಕ್ಕಾ? ಇನ್ನೊಮ್ಮೆ ನನ್ನ ಕೈಲೆ ಆಗಂಗಿಲ್ಲ."

ಗದಿಗೆಮ್ಮ ಕುಲಾವಿಯನ್ನು ಮಡಚಿ ಅವನ ಕೈಗೆ ಕೊಟ್ಟಳು. "ಒಂದ್ ಮಾತು ಕೇಳ್ತೀನಿ, ಸಿಟ್ಟಿಗೇಳಬ್ಯಾಡ. ತೊಟ್ಟಿಲ ದಿನ ತಂತಿ ನೀರಾಗ ಬಿದ್ದಿತ್ತು ಅಂದೆಲ್ಲ. ಅವತ್ತು ನಿನ್ನ ಕೈಯಾಗ ಮಷೀನ್ ಇದ್ದಿದ್ರ ಏನ್ ಮಾಡ್ತಿದ್ದಿ?"

"ಕೊಯ್ತಿದ್ದೆ."

"ಕೊಯ್ತಿದ್ದಿ. ಕೂಸಿಗೆ ಹೆಸರಿಡೋ ದಿನಾನ ಶೈಲಾನ ಕುಂಕುಮ ಅಳಸ್ತಿದ್ದಿ."

ಪರಮೇಶ ಕುಲಾವಿಯನ್ನು ಜೇಬಿಗೆ ಸೇರಿಸಿದ.

"ಮಷೀನ್ ಬ್ಯಾಡ ಅನ್ನಾಕತ್ತಿಲ್ಲ ನಾನು," ಅಂತ ಅವಳು ಎದ್ದಳು. "ಅಂಗಡಿಗೆ ಹೋಗೂ ಮೊದಲ ಜೀಪಿನ ಹತ್ರ ನಡಿ. ಶೈಲಾ ಎಲ್ಲಿ ಕೂಡ್ತಾಳ, ತೋರಸು."

ಅವನು ಮುಂದಿನ ಸೀಟು ತೋರಿಸಿದ. ಕೂಸು ಅವಳ ತೊಡೆ ಮೇಲೆ. ಹಿಂದೆ ಬಟ್ಟೆ ಗಂಟು, ತೊಟ್ಟಿಲು, ಅತ್ತೆ ಕಟ್ಟಿಕೊಡುವ ರೊಟ್ಟಿ ಬುಟ್ಟಿ.

"ಈಗ ಮಷೀನ್ ಎಲ್ಲಿ ಇಡ್ತಿ?"

ಸೀಟಿನ ಕೆಳಗೆ ನೋಡಿದ. ಹಿಂದೆ ನೋಡಿದ. ಎಲ್ಲಿ ಇಟ್ಟರೂ ಅದರ ಮೂತಿ ಇವರಲ್ಲಿ ಯಾರಾದರೊಬ್ಬರ ಕಡೆಗೇ ತಿರುಗುತ್ತಿತ್ತು. "ಒಳಗ ಜಾಗಿಲ್ಲಕ್ಕಾ," ಅಂದ ಕೊನೆಗೆ.

"ಹಂಗನ್ನು. ಹೊರಗ, ಸ್ಟೆಪ್ನಿ ಪಕ್ಕ ಕಬ್ಬಿಣದ ಪೆಟ್ಟಿಗಿ ಬೋಲ್ಟ್ ಹಾಕಿ ಕೂಡಸು. ಕೀಲಿ ಇರ್ಲಿ. ಆ ಪೆಟ್ಟಿಗಿಯಾಗ ಹಿಡಿಯೋ ಅಂಥಾ ಮಷೀನ್ ತಗೊ. ಬ್ಯಾಟರಿದು ತಗೊ."

"ಬ್ಯಾಟರಿದು ಮಕ್ಕಳ ಆಟಗಿ ಅಂತಾನ ದೀಪಕ."

"ದೀಪಕನ ಮಾತು ಕೇಳಿ ಆತಲ್ಲ. ದಿನಾ ಗಿಡ ಕೊಯ್ಯೋರಿಗೆ ಪೆಟ್ರೋಲಿಂದು ಬೇಕು, ನಮ್ಮ ಗ್ಯಾಂಗಿನಾಗೂ ಅದ ಐತಿ. ನಿನಗ ಬೇಕಾದ್ದು ದಾರಿ ಮ್ಯಾಲಿನ ಕೊಂಬಿ ಸರಸಾಕ. ಬ್ಯಾಟರಿದು ಸೋರಂಗಿಲ್ಲ, ನಾರಂಗಿಲ್ಲ. ತೊಡಿ ಗಾತ್ರದ ಕೊಂಬಿತನಕ ಕೊಯ್ತೈತಿ. ಒಯ್ಯೋವಾಗ ಬ್ಯಾಟರಿ ತೆಗದು ಬ್ಯಾರೆ ಇಡು, ಬಿಸಲಿಗೆ ನೀರಿಗೆ ಬಿಡಬ್ಯಾಡ. ತೊಡಿಗಿಂತ ದಪ್ಪ ಇದ್ರ ಅದು ನಿನ್ನ ಕೆಲಸಲ್ಲ. ಪಂಚಾಯ್ತಿಗೆ ಫೋನ್ ಮಾಡು. ತಂತಿ ಇದ್ರ ಕರೆಂಟಿನವರಿಗೆ. ಫಾರೆಸ್ಟಿನ ಜಾಗ ಆದ್ರ ಅವರನ್ನ ಕೇಳದ ಒಂದ್ ಎಲಿನೂ ಮುಟ್ಟಬ್ಯಾಡ, ಬಿದ್ದ ಗಿಡಾನೂ ನಿಂದಲ್ಲ."

ಮರುದಿನ ದೀಪಕನ ಮಷೀನು ಹಿಂದಿರುಗಿಸಿ, ಇಬ್ಬರೂ ಮಷೀನು ಅಂಗಡಿಗಳ ಬೀದಿ ರಾಣಿಗಂಜಿಗೆ ಹೋದರು. ಅಂಗಡಿಯವನು ಅಂಗಡಿಯಲ್ಲೇ ಎಲ್ಲಕ್ಕಿಂತ ದೊಡ್ಡದನ್ನು ಎತ್ತಿ ಮೇಜಿನ ಮೇಲಿಟ್ಟ. "ಕೈಕು ಸೋಚ್ರೇ ಭಾಯ್, ಶೇರ್ ಹೈ ಯೇ," ಅಂದ. ಯೋಚನೆ ಯಾಕೆ, ಇದು ಸಿಂಹವಂತೆ. ಯಾತಕ್ಕೆ ಬೇಕು, ಎಲ್ಲಿ ಇಡುತ್ತೀ, ಹಿಂದೆ ಎಂದಾದರೂ ಹಿಡಿದಿದ್ದೀಯಾ, ಒಂದು ಮಾತು ಕೇಳಲಿಲ್ಲ. ಕೇಳುವುದು ಅವನಿಗೆ ಯಾಕೆ ಬೇಕು? ಕಾಲು ಹೋಗೋದು ಅವನದಲ್ಲವಲ್ಲ.

ಗದಿಗೆಮ್ಮ ಸಿಂಹವನ್ನು ಪಕ್ಕಕ್ಕೆ ತಳ್ಳಿದಳು. ಸಣ್ಣ ಪಟ್ಟಿಯ ಬ್ಯಾಟರಿ ಗರಗಸ ತರಿಸಿದಳು. ಪರಮೇಶನ ಕೈಗೆ ಕೊಟ್ಟು ಬಗ್ಗಿ ಹಿಡಿಯಲು ಹೇಳಿದಳು, ತೋಳು ನಡುಗುತ್ತದಾ ಅಂತ ನೋಡಿದಳು. ಮುಂದಿನ ಹಿಡಿಕೆಯ ಎದುರಿಗೆ ಇರುವ ಅಡ್ಡ ತಟ್ಟೆಯನ್ನು ತೋರಿಸಿದಳು. "ಇದು ಚೈನ್ ಬ್ರೇಕ್. ಪಟ್ಟಿ ಮೂತಿ ಕಟಗಿಗೆ ತಾಗಿದ್ರ ಮಷೀನ್ ಹಿಂದಕ್ಕ ಎಗರಿ ಮುಖಕ್ಕ ಬರತೈತಿ. ಆವಾಗ ಚೈನ್ ನಿಲ್ಲಸೋದು ಇದ. ಬ್ರೇಕ್ ಇಲ್ಲದ್ದು ಪುಕ್ಕಟೆ ಕೊಟ್ರೂ ಬ್ಯಾಡ."

"ಮತ್ತ ಇದೆಲ್ಲ ಯಾಕ?" ಅಂದ ಪರಮೇಶ. ಅವಳು ಪಟ್ಟಿಯ ಕವರು, ಜಾಲರಿ ಇರುವ ಹೆಲ್ಮೆಟ್ಟು, ಕಿವಿಮುಚ್ಚು, ಕೈಗವಸು, ಕಾಲಿಗೆ ಕಟ್ಟುವ ದಪ್ಪ ಪಟ್ಟಿ, ಗಟ್ಟಿ ಬೂಟು ಎಲ್ಲ ಒಂದೊಂದಾಗಿ ಮೇಜಿನ ಮೇಲೆ ಇಡುತ್ತಿದ್ದಳು.

"ಇದು ಮೊದಲ, ಮಷೀನ್ ಆಮ್ಯಾಲ. ಇದಕ್ಕ ರೊಕ್ಕ ಆಗಲಿಲ್ಲಂದ್ರ ಮಷೀನೂ ಬ್ಯಾಡ, ಮನಿಗೆ ನಡಿ."

ಪರಮೇಶ ಹೇಗೋ ರೊಕ್ಕ ಹೊಂದಿಸಿ ಎಲ್ಲವನ್ನೂ ಕೊಂಡ, ಸ್ಟೆಪ್ನಿ ಪಕ್ಕ ಕಬ್ಬಿಣದ ಪೆಟ್ಟಿಗೆಯನ್ನೂ ಕೂಡಿಸಿದ. ಗ್ಯಾಂಗಿನ ಮೇಸ್ತ್ರಿ ಹುಸೇನಪ್ಪ, ಕಡಿದು ಹಾಕಿದ ಕೊಂಬೆಗಳ ಮೇಲೆ ಅವನಿಗೆ ಕೊಯ್ಯುವುದನ್ನು ಕಲಿಸಿದ. ಭುಜಕ್ಕಿಂತ ಮೇಲೆ ಎತ್ತಬೇಡ, ಬಾಗಿ ಬಿಗಿದ ಕೊಂಬೆ ಬಿಲ್ಲಿನ ಹಾಗೆ ಸಿಡಿಯುತ್ತದೆ, ಒಬ್ಬನೇ ಇದ್ದಾಗ ಚಾಲೂ ಮಾಡಬೇಡ. ಕೈ ಪಳಗುವತನಕ ಹೇಳಿದ.

ಶೈಲಾಳ ಊರಿಗೆ ಹೊರಟ ದಿನ ಮಳೆ ಬಿಟ್ಟಿತ್ತು. ಕೆರೆ ಏರಿಗೆ ಬಂದರೆ ಹುಣಸೆ ಗಿಡ ಬುಡಸಮೇತ ಉರುಳಿತ್ತು. ತಂತಿ ಇರಲಿಲ್ಲ. ಗಿಡ ದಾರಿಯನ್ನು ಪೂರ್ತಿ ನುಂಗಿತ್ತು. ಒಂದು ಕಡೆ ಕೆರೆ, ಇನ್ನೊಂದು ಕಡೆ ಇಳಿಜಾರು. ಎಲೆಗಳ ಸಂದಿಯಲ್ಲಿ ಆಚೆ ಕಡೆ ಒಂದು ಸೀರೆಯ ಸೆರಗು ಕಂಡಿತು. ಸುದ್ದಿ ತಿಳಿದು ಶೈಲಾ, ತಮ್ಮ ಬಸವಕಿರಣನ ಜೊತೆ ಅಲ್ಲಿತನಕ ಬಂದು ನಿಂತಿದ್ದಳು. ಕೂಸು ಅಳುತ್ತಿತ್ತು.

ಪರಮೇಶ ಜೀಪು ನಿಲ್ಲಿಸಿ ಇಳಿದ. ಮೈಮೇಲೆ ಎಲ್ಲ ಕಟ್ಟಿಕೊಂಡು ಗರಗಸ ತೆಗೆದ. ಬೊಡ್ಡೆಯ ಹತ್ತಿರ ಹೋಗಿ ನಿಂತ. ಬೊಡ್ಡೆ ಅವನ ಸೊಂಟಕ್ಕಿಂತ ದಪ್ಪ, ಅರ್ಧ ಇಳಿಜಾರಿನ ಮೇಲೆ ತೂಗುತ್ತಿತ್ತು. ದೀಪಕನ ದೊಡ್ಡ ಮಷೀನು ನೆನಪಾಯಿತು. ಸಿಟ್ಟು ಬಂತು. ಗಿಡದ ಮೇಲೆ, ಮಳೆಯ ಮೇಲೆ, ಕಳೆದುಹೋದ ಅಷ್ಟೂ ಸಂಜೆಗಳ ಮೇಲೆ.

"ರೀ, ಬೊಡ್ಡಿಗೆ ಕೈ ಹಚ್ಚಬ್ಯಾಡ್ರಿ," ಅಂತ ಶೈಲಾಳ ದನಿ ಬಂತು.

ಅವನು ಬೊಡ್ಡೆಯಿಂದ ಹಿಂದೆ ಸರಿದ. "ಹಚ್ಚಂಗಿಲ್ಲ. ಕೊಂಬಿ ಅಷ್ಟ. ನೀ ಕೂಸಿನ್ನ ತಗೊಂಡು ದೂರ ಹೋಗು. ಬಸವಕಿರಣ, ಯಾರನ್ನೂ ಹತ್ರ ಬಿಡಬ್ಯಾಡ."

ನೆಲಕ್ಕೆ ಒರಗಿದ್ದ ತೆಳು ಕೊಂಬೆಗಳನ್ನಷ್ಟೇ ಒಂದೊಂದಾಗಿ ಕೊಯ್ದ. ತುದಿಯ ಕಡೆ ಒಬ್ಬರು ಬಗ್ಗಿ ದಾಟುವಷ್ಟು ಸಂದಿ ಆಯಿತು. ಅಲ್ಲಿಗೇ ನಿಲ್ಲಿಸಿದ. ಬ್ಯಾಟರಿ ತೆಗೆದ, ಕವರ್ ಹಾಕಿದ, ಪೆಟ್ಟಿಗೆಯಲ್ಲಿಟ್ಟು ಕೀಲಿ ಹಾಕಿದ. ಕೆರೆಯ ನೀರಲ್ಲಿ ಕೈ ತೊಳೆದುಕೊಂಡ. ಆಮೇಲೆ ಬಗ್ಗಿ ದಾಟಿ ಹೋಗಿ ಮಗಳನ್ನು ಎತ್ತಿಕೊಂಡ.

ಕೂಸು ಭಾರ ಇತ್ತು. ಇಷ್ಟು ಭಾರ ಇರುತ್ತಾಳೆ ಅಂತ ಅವನಿಗೆ ಯಾರೂ ಹೇಳಿರಲಿಲ್ಲ.

ಶೈಲಾ ಈಚೆ ದಾಟಿ ಬಂದು ಸೀದಾ ಜೀಪಿಗೆ ಒಂದು ಸುತ್ತು ಹಾಕಿದಳು. ಒಳಗೆ ಮೂಗು ಹಾಕಿ ಮೂಸಿದಳು. ಪೆಟ್ಟಿಗೆಯ ಕೀಲಿ ಜಗ್ಗಿ ನೋಡಿದಳು. "ಇದು ಯಾರ ಬುದ್ಧಿ? ನಿಮ್ಮದಂತೂ ಅಲ್ಲ," ಅಂದಳು.

"ಗದಿಗೆಮ್ಮಕ್ಕಂದು."

"ಹಂಗಾರ ಕೂಡಬಹುದು," ಅಂತ ಹತ್ತಿ ಕೂತಳು. ಬೊಡ್ಡೆ ತೆಗೆಯಲು ಪಂಚಾಯ್ತಿಗೆ ಫೋನ್ ಹೋಗಿತ್ತು, ಜೆಸಿಬಿ ಬರುವುದಿತ್ತು. ಅದು ಬರುವ ಹೊತ್ತಿಗೆ ಇವರು ತಾಂಡೂರು ದಾಟಿದ್ದರು.

ಅಣ್ಣಂದಿರೇ, ತಮ್ಮಂದಿರೇ, ಕಾಡುದಾರಿ ಕಲ್ಲುದಾರಿಯಲ್ಲಿ ಗಾಡಿ ಓಡಿಸುವ ಎಲ್ಲರೂ ಕೇಳಿರಿ. ನಿಮಗೂ ಯಾರನ್ನೋ ಸೇರುವ ಅವಸರ ಇರುತ್ತದೆ, ನನಗೆ ಗೊತ್ತು. ಆ ಅವಸರವನ್ನೇ ನೋಡಿಕೊಂಡು ದೊಡ್ಡ ಮಷೀನು ಮಾರುತ್ತಾರೆ, ಮೊಬೈಲಿನಲ್ಲಿ ಬರಿಗೈಯಲ್ಲಿ ಕೊಯ್ದು ತೋರಿಸಿ ಹುರುಪು ಹತ್ತಿಸುತ್ತಾರೆ. ನಂಬಬೇಡಿ. ಗರಗಸ ಕೊಳ್ಳುವ ಮೊದಲು ನಿಮ್ಮ ಗಾಡಿಯ ಹತ್ತಿರ ಹೋಗಿ ನಿಲ್ಲಿ. ಅದರಲ್ಲಿ ಯಾರು ಯಾರು ಕೂಡುತ್ತಾರೆ, ಎಲ್ಲಿ ಕೂಡುತ್ತಾರೆ ಅಂತ ನೋಡಿ. ಅವರ ಹತ್ತಿರ ಸುಳಿಯದ ಹಾಗೆ, ಕವರ್ ಹಾಕಿ, ಹೊರಗೆ ಬಿಗಿದು ಒಯ್ಯಬಹುದಾದ ಸಣ್ಣ ಮಷೀನನ್ನೇ ತಗೊಳ್ಳಿ. ಹೆಲ್ಮೆಟ್ಟು, ಕಾಲುಪಟ್ಟಿ ಮೊದಲು ಕೊಳ್ಳಿ. ಬಲ್ಲವರ ಹತ್ತಿರ ಕಲಿಯಿರಿ. ನಿಮ್ಮ ಮಷೀನಿಗೆ ಮೀರಿದ ಗಿಡ ಕಂಡರೆ ಕೆಳಗಿಟ್ಟು ಫೋನ್ ಮಾಡಿ, ಕಾಯಿರಿ. ಕಾಯುವುದು ಕಷ್ಟ. ಆದರೂ ಕಾಯಿರಿ, ಆಚೆ ಕಡೆ ಇರುವವರು ಕಾಯುತ್ತಿರುವುದು ನಿಮಗಾಗಿ.