ಸ್ಕೇಲಿನ ತುದಿ

ಮಕ್ಕಳಿಗೆ ತಮ್ಮನ್ನು ತಾವು ಅರಿಯುವುದನ್ನು ಕಲಿಸಬೇಕು ಎಂದು ಧಾರವಾಡದಲ್ಲಿ ಶಿಕ್ಷಕರ ತರಬೇತಿ ನಡೆದಾಗ, ಮೊದಲ ಸಾಲಿನಲ್ಲಿ ಕೂತು ಎಲ್ಲದಕ್ಕೂ ಹೌದ್ಹೌದು ಎಂದು ತಲೆಯಾಡಿಸಿದವರು ನಾಗರತ್ನಾ ಅಕ್ಕೋರು. ಅರಿವು ಬೇಕಾದದ್ದು ಮಕ್ಕಳಿಗೆ, ತಮಗಲ್ಲ ಎಂಬುದರಲ್ಲಿ ಅವರಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಬೆಳಗಾದರೆ ಲಿಂಗಪೂಜೆ ಮುಗಿಯದೆ ಬಾಯಿಗೆ ಹನಿ ನೀರು ಹಾಕದ ಮನೆತನ, ಶರಣರ ಮಾತು ಕೇಳುತ್ತಲೇ ಬೆಳೆದ ಕಿವಿ. "ನಮ್ಮ ಕ್ಲಾಸಿನ್ಯಾಗ ಭೇದಭಾವ ಅನ್ನೂದ ಇಲ್ರಿ" ಎಂದು ಎಲ್ಲರೆದುರು ಎದ್ದು ನಿಂತು ಹೇಳಿ, ಚಪ್ಪಾಳೆ ಗಿಟ್ಟಿಸಿಕೊಂಡು ಬಂದಿದ್ದರು. ಪಾಪ, ಸುಳ್ಳು ಹೇಳಿರಲಿಲ್ಲ. ಹಾಗಂತ ನಂಬಿದ್ದರು, ಅಷ್ಟೇ.

ಅವರ ಶಾಲೆ ಇದ್ದದ್ದು ಮಿಶ್ರಿಕೋಟಿಯ ಆಚೆ, ಬಸ್ಸು ಮನಸ್ಸು ಬಂದಾಗ ಬರುವ ಹಳ್ಳಿಯಲ್ಲಿ. ಆರನೇ ತರಗತಿಯಲ್ಲಿ ಅರ್ಧದಷ್ಟು ಹೊಲಮನೆ ಇದ್ದವರ ಮಕ್ಕಳು, ಉಳಿದರ್ಧ ಕುರಿ ಕಾಯುವವರ ಮಕ್ಕಳು. ತರಬೇತಿಯಲ್ಲಿ ಕಲಿತ ಪಾತ್ರ ಬದಲಿಸುವ ಚಟುವಟಿಕೆಯನ್ನು ಅಲ್ಲಿ ಮಾಡಿ ತೋರಿಸುವ ದಿನ, ಹೆಡ್‌ಮಾಸ್ತರು ಮಡಿವಾಳೆಪ್ಪನವರು ಮೊಬೈಲು ಹಿಡಿದು ಹಿಂದೆ ಕೂತರು. ವಿಡಿಯೋ ಮೇಲಿನವರಿಗೆ ಮೆಚ್ಚುಗೆಯಾದರೆ ತಾಲ್ಲೂಕಿನ ಉಳಿದ ಶಿಕ್ಷಕರಿಗೆ ಕಲಿಸುವ ಅವಕಾಶ ಅಕ್ಕೋರಿಗೆ ಸಿಗುವುದಿತ್ತು. ಅದರ ಮೇಲೆ ಅವರಿಗೆ ಬೆಟ್ಟದಷ್ಟು ಆಸೆ.

"ಇವತ್ತ ನಿಮ್ಮೊಳಗ ಒಬ್ಬರು ನಾ ಆಗ್ರಿ. ನಾ ಅವರ ಜಾಗಾದಾಗ ಕೂಡ್ತೀನಿ. ನಾ ಹೆಂಗ ಕಲಸ್ತೀನಿ, ಹಂಗ ಮಾಡಿ ತೋರಸ್ರಿ. ಅಂಜಬ್ಯಾಡ್ರಿ."

ಹೊಲಮನೆಯವರ ಪೈಕಿ ಜಾಣೆಯಾದ ನಂದಾ ಎದ್ದಾಳು ಎಂದು ಕಾದರೆ, ಎದ್ದವಳು ಮಂಜುಳಾ. ಕುರಿ ಕಾಯುವ ತಿರಕಪ್ಪನ ಮಗಳು, ಹೆಸರು ಕೂಗಿದರೂ ಗಟ್ಟಿಯಾಗಿ ಓ ಎನ್ನದ ಹುಡುಗಿ, ಮುಂಜಾನೆ ಕುರಿಮರಿಗಳನ್ನು ತಾಯಿಕುರಿಗೆ ಬಿಟ್ಟು ಕುಡಿಸಿ ಶಾಲೆಗೆ ಬರುವವಳು. ಅಕ್ಕೋರ ಎದೆ ಉಬ್ಬಿತು. "ಬಾರವಾ, ಬಾ" ಎಂದು ಕರೆದು, ತಾವು ಹೋಗಿ ಬಾಗಿಲ ಬದಿಯ ಅವಳ ಜಾಗದಲ್ಲಿ ಕಾಲು ಮಡಚಿ ಕೂತರು.

ಮಂಜುಳಾ ಓಢಣಿಯನ್ನು ಸೆರಗು ಮಾಡಿಕೊಂಡಳು. ಟೇಬಲ್ ಮೇಲಿನ ಉದ್ದ ಸ್ಕೇಲು ಎತ್ತಿಕೊಂಡಳು. ಇಲ್ಲದ ಕನ್ನಡಕವನ್ನು ಬೆರಳಿನಿಂದ ಮೂಗಿನ ಮೇಲೆ ಏರಿಸಿ, "ಗಪ್ ಕೂಡ್ರಿ! ಇದೇನ ಸಂತಿ ಅಂತ ತಿಳದೀರೇನ?" ಎಂದು ಗದರಿದಳು. ತರಗತಿ ಬಿದ್ದು ಬಿದ್ದು ನಕ್ಕಿತು. ಅಕ್ಕೋರಂತೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಇಷ್ಟು ದಿನ ಈ ಕಲೆ ಎಲ್ಲಿ ಬಚ್ಚಿಟ್ಟಿದ್ದಳೋ!

"ಮನಿಪಾಠ ತಗೀರಿ" ಎಂದಳು ಮಂಜುಳಾ.

ಮೊದಲು ನಂದಾ. ಅವಳ ನೋಟಬುಕ್ಕನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹಾಳೆ ತಿರುವಿ, "ಶಾಣ್ಯಾಕಿ ನೋಡ ನನ್ನ ನಂದಾ" ಎಂದು ಗಲ್ಲ ಸವರಿದಳು. ಆಮೇಲೆ ಹೇಮಂತ, ಅವನೂ ಹೊಲಮನೆಯವರ ಹುಡುಗ. ಅವನದನ್ನೂ ಕೈಯಲ್ಲೇ ನೋಡಿ ಬೆನ್ನು ತಟ್ಟಿದಳು. ಅವನ ಪಕ್ಕದಲ್ಲಿ ಕೃಷ್ಣಾ, ಮಂಜುಳಾಳಂತೆ ಕುರಿಯವರ ಹುಡುಗ. ಮಂಜುಳಾ ಅರ್ಧ ಹೆಜ್ಜೆ ಹಿಂದೆ ನಿಂತಳು. ಸ್ಕೇಲಿನ ತುದಿಯನ್ನು ಹಾಳೆಯ ಕೆಳಗೆ ತೂರಿಸಿ, ನೋಟಬುಕ್ ಮುಟ್ಟದೆ ಒಂದೊಂದೇ ಹಾಳೆ ಮಗುಚಿದಳು. "ಛಲೋ ಬರದೀಪಾ" ಎಂದಳು. ದನಿಯಲ್ಲಿ ಅದೇ ಅಕ್ಕರೆ. ಮುಂದಿನ ಸಾಲಿನಲ್ಲಿ ಮತ್ತೆ ಕೈ, ಮತ್ತೆ ಸ್ಕೇಲು. ಯಾರಿಗೆ ಯಾವುದು ಎಂಬುದರಲ್ಲಿ ಒಂದು ಕಡೆಯೂ ತಪ್ಪಲಿಲ್ಲ.

ಇದಕ್ಕೆ ಯಾರೂ ನಗಲಿಲ್ಲ. ನಗುವಂಥದ್ದು ಅದರಲ್ಲಿ ಮಕ್ಕಳಿಗೆ ಏನೂ ಕಾಣಲಿಲ್ಲ.

ನಾನು ಹೀಗೆ ಮಾಡುವುದಿಲ್ಲ ಎಂದು ಅಕ್ಕೋರ ಮನಸ್ಸು ಹೇಳಿತು. ಬಲಗೈ ಮಾತ್ರ ಒಪ್ಪಲಿಲ್ಲ. ಸ್ಕೇಲು ಹಿಡಿಯುವ ಆ ಓರೆ ಅದಕ್ಕೆ ಚೆನ್ನಾಗಿ ಗೊತ್ತಿತ್ತು. ಕುರಿ ವಾಸನೆಗೆ ಹಾಗೆ ರೂಢಿಯಾಗಿರಬೇಕು ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದರು. ಅದೂ ನಿಲ್ಲಲಿಲ್ಲ. ಹೇಮಂತನ ಪುಸ್ತಕದ ತುಂಬ ಎಮ್ಮೆಯ ಸಗಣಿ ಕಲೆ, ಅದಕ್ಕೆಂದೂ ಸ್ಕೇಲು ಬೇಕಾಗಿರಲಿಲ್ಲವಲ್ಲ!

ಅಷ್ಟರಲ್ಲಿ ಮಂಜುಳಾ ಬಾಗಿಲ ಬದಿಗೆ ಬಂದಳು. ಅರ್ಧ ಹೆಜ್ಜೆ ಹಿಂದೆ ನಿಂತಳು. ಅಕ್ಕೋರ ಮುಂದಿದ್ದ ಮಂಜುಳಾಳದೇ ನೋಟಬುಕ್ಕಿನೊಳಗೆ ಸ್ಕೇಲಿನ ತುದಿ ಹೊಕ್ಕು, ಹಾಳೆ ಮಗುಚಿತು. "ಮಂಜುಳಾ, ಅಕ್ಷರ ದುಂಡಗ ಅದಾವವಾ" ಎಂದಳು, ತುಂಬ ಪ್ರೀತಿಯಿಂದ. ಅಕ್ಕೋರು ತಲೆ ಎತ್ತಲಿಲ್ಲ. ಭೂಮಿ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು.

"ಅಗದಿ ಹುಬೇಹೂಬ ನೀವರಿ ಅಕ್ಕೋರ!" ಎಂದು ಮಡಿವಾಳೆಪ್ಪನವರು ಹಿಂದಿನಿಂದ ಚಪ್ಪಾಳೆ ಹೊಡೆದರು. ಬೇಡ ಎನ್ನಲು ಅಕ್ಕೋರಿಗೆ ಬಾಯಿ ಬರುವುದರೊಳಗೆ ವಿಡಿಯೋ ಮೇಲಿನವರಿದ್ದ ಗ್ರೂಪಿಗೆ ಹೋಗಿಯಾಗಿತ್ತು.

ಶಾಲೆ ಬಿಟ್ಟ ಮೇಲೆ ಮಂಜುಳಾಳನ್ನು ಹತ್ತಿರ ಕರೆದರು. "ಸ್ಕೇಲ್ ಯಾಕ ಹಿಡದಿ, ತಂಗಿ?"

ಹುಡುಗಿಯ ಮುಖ ಸಣ್ಣದಾಯಿತು. "ತಪ್ಪಾತೇನ್ರಿ? ನೀವು ಹಂಗ ನೋಡ್ತೀರಲ್ರಿ."

"ತಪ್ಪಲ್ಲ. ನಾ ಹಂಗ್ಯಾಕ ನೋಡ್ತೀನಿ ಅಂತ ಗೊತ್ತೈತೇನ?"

"ನಮ್ಮ ಬುಕ್ಕಿಗೆ ವಾಸನಿ ಬರತೈತಲ್ರಿ, ಅದಕ್ಕ." ಆ ಮಾತಿನಲ್ಲಿ ದೂರು ಇರಲಿಲ್ಲ, ತಪ್ಪು ತನ್ನದೇ ಎಂಬಂತಿತ್ತು. "ನಮ್ಮವ್ವ ಹೊಸಾ ಕವರ್ ಹಾಕತಾಳ್ರಿ. ದಿನಾ ಸಂಜೀಕ ದೇವರ ಜಗಲಿ ಮ್ಯಾಲೆ ಊದಿನಕಡ್ಡಿ ಬಾಜು ಇಡತಾಳ್ರಿ, ಒಂದ ದಿನಾ ಅಕ್ಕೋರು ಕೈಲೆ ಹಿಡದಾರು ಅಂತ. ವಾಸನಿ ಹೋಗವಲ್ತ್ರಿ."

ತಪ್ಪು ನನ್ನದವಾ ಎನ್ನಲು ಹೊರಟ ಅಕ್ಕೋರು, "ಮನಿಗೆ ಹೋಗು, ಹೊತ್ತಾತು" ಎಂದಷ್ಟೇ ಹೇಳಿ ಕಳಿಸಿದರು.

ಮರುದಿನ ಪೂಜೆಗೆ ಕೂತರೆ ಲಿಂಗವಿಟ್ಟುಕೊಂಡ ತಮ್ಮ ಅಂಗೈಯನ್ನೇ ನೋಡಲು ನಾಚಿಕೆಯಾಯಿತು. ದಿನವೂ ಚೀಲದಲ್ಲಿ ಒಯ್ಯುವ ಸ್ಕೇಲನ್ನು ಮನೆಯ ಕಪಾಟಿನಲ್ಲಿ ಹಾಕಿ ಬಾಗಿಲು ಮುಚ್ಚಿದರು. ಶಾಲೆಯ ಗೇಟಿನಲ್ಲೇ ಹೆಡ್‌ಮಾಸ್ತರು ಹಲ್ಲು ಕಿರಿದು ನಿಂತಿದ್ದರು: "ಆಯ್ಕಿ ಆತ್ರಿ! ಸಾಹೇಬ್ರು ಭಾಳ ಖುಷಿ ಆಗ್ಯಾರ. ನೀವ ಹೋಗಬೇಕಂತ ತರಬೇತಿ ಕೊಡಾಕ." ನೋಡಿದವರೆಲ್ಲ ನಕ್ಕಿದ್ದರಂತೆ, ಮೆಚ್ಚಿದ್ದರಂತೆ. ಸ್ಕೇಲು ಒಬ್ಬರ ಕಣ್ಣಿಗೂ ಬಿದ್ದಿರಲಿಲ್ಲ. ಬಿದ್ದಿದ್ದರೇ ಚೆನ್ನಾಗಿತ್ತು, ಯಾರಾದರೂ ಒಬ್ಬರು ಉಗಿದಿದ್ದರೆ ಹಗುರಾಗುತ್ತಿತ್ತು ಎಂದುಕೊಳ್ಳುತ್ತಾ ಅಕ್ಕೋರು ತರಗತಿಗೆ ನಡೆದರು.

ಮನೆಪಾಠ ನೋಡಲು ಅಂದು ನಂದಾಳ ಬಳಿ ಹೋಗಲಿಲ್ಲ. ನೇರ ಬಾಗಿಲ ಬದಿಗೆ ಹೋಗಿ, ಮಂಜುಳಾಳ ಮುಂದೆ ಬಗ್ಗಿ ಎರಡೂ ಕೈ ಚಾಚಿದರು.

ಮಂಜುಳಾ ಗಾಬರಿಯಿಂದ ನೋಟಬುಕ್ಕನ್ನು ಎದೆಗವಚಿಕೊಂಡಳು. ಅಕ್ಕೋರ ಬರಿಗೈ ನೋಡಿದಳು, ಆಮೇಲೆ ಖಾಲಿ ಟೇಬಲ್ ನೋಡಿದಳು. ಅರ್ಥವಾದವಳಂತೆ ಚೀಲದಿಂದ ತನ್ನ ಗೇಣುದ್ದದ ಸ್ಕೇಲು ತೆಗೆದು, ಲಂಗಕ್ಕೆ ಚೆನ್ನಾಗಿ ಒರೆಸಿ, ಅವರ ಚಾಚಿದ ಕೈಗೆ ತಾಗದಂತೆ ಒಂದು ತುದಿ ಹಿಡಿದು ನೀಡಿದಳು.

"ನಿಮ್ಮದು ಮನ್ಯಾಗ ಉಳದಿರಬೇಕ್ರಿ ಅಕ್ಕೋರ. ಇದನ್ನ ತಗೋರಿ, ತೊಳದದ್ದ ಐತ್ರಿ."